ಗೋಡೆಗೆ ಕೊಂಬು ಯಾಕ?

ಯಾರಾದರೂ ಸೊಕ್ಕಿನಿಂದ ಮಾತಾಡಿದರೆ ನಮ್ಮ ಕಡೆ ಕೇಳುವ ಮಾತು ಒಂದೇ: "ಯಾಕಪಾ, ತಲೀಗೆ ಕೊಂಬು ಮೂಡ್ಯಾವೇನು?" ಮಾತು ಹಗುರ ಅನಸತೈತಿ, ಆದರೆ ಅದರೊಳಗೆ ದೊಡ್ಡ ತಿಳಿವಳಿಕೆ ಐತಿ. ದೇವರು ಮನುಷ್ಯಾಗ ಕೈ ಕೊಟ್ಟಾನ, ಬಾಯಿ ಕೊಟ್ಟಾನ, ಬುದ್ಧಿ ಕೊಟ್ಟಾನ. ಕೊಂಬು ಮಾತ್ರ ಎತ್ತಿಗೆ, ಎಮ್ಮಿಗೆ, ಟಗರಿಗೆ, ಚಿಗರಿಗೆ ಕೊಟ್ಟು ನಮ್ಮನ್ನು ಬಿಟ್ಟಾನ. ತನ್ನ ತಲೆಯ ಮೇಲೆ ಮೂಡದ ಕೊಂಬನ್ನು ಮನುಷ್ಯ ಇನ್ನೊಂದರ ತಲೆಯಿಂದ ತಂದು ತನ್ನ ಮನೆಯ ಗೋಡೆಗೆ ಮೂಡಿಸಿಕೊಂಡ. ಅದಕ್ಕೆ ಶೌರ್ಯ ಅಂತ ಹೆಸರಿಟ್ಟ. ಆ ಹೆಸರು ಖರೇನೋ ಸುಳ್ಳೋ ಎಂದು ನಾನು ಬಹಳ ದಿನದಿಂದ ವಿಚಾರ ಮಾಡುತ್ತಿದ್ದೇನೆ.

ನಾನು ಏಳನೇತ್ತೆವರೆಗೆ ಕಲಿತವನು. ವಾರಣಾ ದಂಡಿಯ ಹೊಲದಾಗ ಕಬ್ಬು ಹಚ್ಚುವುದು, ರಾತ್ರಿ ದಪ್ಪು ಹಿಡಕೊಂಡು ಹಾಡುವುದು, ಇವೆರಡೇ ನನಗೆ ಬರುವ ಕೆಲಸ. ಧರ್ಮದ ದೊಡ್ಡ ದೊಡ್ಡ ಮಾತು ಹೇಳುವ ಅಧಿಕಾರ ನನಗಿಲ್ಲ. ಆದರೆ ಈ ಪ್ರಶ್ನೆ ನನ್ನ ಹಾಡಿನ ಮುಂದೆಯೇ ಬಂದು ನಿಂತಿತು. ಅದಕ್ಕೆ ಉತ್ತರ ಹುಡುಕುವುದು ತಪ್ಪಲಿಲ್ಲ.

ನಮ್ಮ ಸೀಮೆಯ ಒಂದು ಹಳೇ ವಾಡೆ. ಊರ ಹೆಸರು ಬ್ಯಾಡ. ಪಡಸಾಲೆಯ ನಡುಗೋಡೆಗೆ, ಸಾಗವಾನಿ ಹಲಗೆಯ ಮೇಲೆ, ಒಂದು ಜೋಡಿ ಕಡವೆ ಕೊಂಬು. ಮರಾಠಿಯವರು ಸಾಂಬರ ಅಂತಾರ. ಒಂದೊಂದು ಕೊಂಬಿಗೆ ಮೂರು ಮೊನೆ. ಯಜಮಾನರ ಅಜ್ಜ ಹೊಡೆದದ್ದು. ಅಜ್ಜನ ಪುಣ್ಯತಿಥಿಗೆ ಅವನ ಬ್ಯಾಟಿಯ ಮೇಲೆ ಒಂದು ಲಾವಣಿ ಕಟ್ಟಿ ಹಾಡಬೇಕೆಂದು ಯಜಮಾನರು ನನಗೆ ವೀಳ್ಯ ಕೊಟ್ಟರು. ಪದ ಕಟ್ಟಬೇಕಾದರೆ ಸಂಗತಿ ಬೇಕು. "ಹೆಂಗ ಹೊಡದ್ರಿ, ಸವಿಸ್ತಾರ ಹೇಳ್ರಿ" ಎಂದು ಕೇಳಿದೆ. ಅವರು ಹೇಳಿದರು: ಮೂರು ದಿಕ್ಕಿನಿಂದ ಆಳುಗಳು ಡಬ್ಬಿ ಬಾರಿಸಿ ಕಾಡು ಕೂಗಿಸಿದರು. ನಾಲ್ಕನೇ ದಿಕ್ಕಿನಲ್ಲಿ ಗಿಡದ ಮೇಲೆ ಅಟ್ಟ ಕಟ್ಟಿ ಅಜ್ಜ ಕುಂತಿದ್ದರು. ಕಡವೆ ಓಡಿಬಂತು. ಒಂದೇ ಗುಂಡು.

ನಾನು ಮನಸ್ಸಿನೊಳಗೆ ಪದ ಜೋಡಿಸಲು ನೋಡಿದೆ. ಜೀವದ ಹಂಗು ತೊರೆದು ಓಡಿದ್ದು ಕಡವೆ. ಮುಳ್ಳುಕಂಟಿಯೊಳಗೆ ಬರಿಗಾಲಲ್ಲಿ ನಡೆದದ್ದು ಆಳುಗಳು. ಅಟ್ಟದ ಮೇಲೆ ಕುಂತವರ ಶೌರ್ಯಕ್ಕೆ ಪದವೇ ಸಿಗಲೊಲ್ಲದು. ಅಷ್ಟರಾಗ ಕಾಲೇಜಿಗೆ ಹೋಗುವ ಮನೆಯ ಮೊಮ್ಮಗಳು ನಡುವೆ ಬಾಯಿ ಹಾಕಿದಳು: "ಅಜ್ಜನ ಹಾಡು ಹಾಡ್ರಿ, ಆದ್ರ ಮೊದಲ ಆ ಕೊಂಬು ಇಳಸರಿ." ಯಜಮಾನರು ಸಿಟ್ಟಿಗೆದ್ದರು. ಅವರ ಮಾತು ಮೂರು: ಆಗ ಅದು ಗುನ್ನೆ ಆಗಿರಲಿಲ್ಲ, ಕಾಗದಪತ್ರ ಸರಿ ಅದಾವು, ಇಳಿಸಿದರೆ ಸತ್ತ ಕಡವೆ ಎದ್ದು ಬರತೈತೇನು? ಹುಡುಗಿ ಸುಮ್ಮನಾದಳು. ನನ್ನ ಬಾಯಿಗೂ ಬೀಗ. "ವಿಚಾರ ಮಾಡಿ ಬರತೇನ್ರಿ" ಎಂದು ಎದ್ದು ಬಂದೆ.

ಆ ಮೂರೂ ಮಾತು ತೂಕದವು. ಕಾನೂನಿನ ಮಾತು ಮೊದಲು ಮುಗಿಸೋಣ. ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅದಕ್ಕೂ ಮೊದಲಿನ ಕೊಂಬು, ಚರ್ಮ ಇದ್ದವರು ಸರಕಾರಕ್ಕೆ ತಿಳಿಸಿ ಮಾಲೀಕತ್ವದ ಪತ್ರ ಪಡೆಯಬೇಕು. ಮಾರುವಂತಿಲ್ಲ. ವಾರಸಿನಿಂದ ಮಕ್ಕಳಿಗೆ ಹೋಗಬಹುದು ಅಷ್ಟೆ. ೨೦೦೩ರಲ್ಲಿ ಕೇಂದ್ರ ಸರಕಾರ ತಿಳಿಸದೇ ಉಳಿದವರಿಗೆ ೧೮೦ ದಿನಗಳ ಇನ್ನೊಂದು ಅವಕಾಶ ಕೊಟ್ಟಿತು. ೨೦೨೩ರ ಅಕ್ಟೋಬರದಲ್ಲಿ ಕರ್ನಾಟಕದಲ್ಲಿ ಹುಲಿ ಉಗುರಿನ ಪದಕದ ಪ್ರಕರಣ ಎದ್ದಾಗ ಎಷ್ಟೋ ಮನೆಗಳಲ್ಲಿ ಗಾಬರಿಯಾಯಿತು. ಮುಂದೆ ೨೦೨೪ರ ಜನವರಿಯಲ್ಲಿ ಅಲ್ಲಿಯ ಸರಕಾರ ಇಂಥ ವಸ್ತು ಒಪ್ಪಿಸಲು ಮೂರು ತಿಂಗಳ ಗಡುವು ಕೊಟ್ಟಿತು. ಗಡಿಯ ಈಚೆ ನಮ್ಮ ಕಡೆಯೂ ಚಾವಡಿ ಕಟ್ಟೆಯ ಮೇಲೆ ಅದೇ ಮಾತು. ಆದರೆ ನೋಡ್ರಿ, ಕಾಗದ ಸರಿ ಇದ್ದವನಿಗೆ ಪೊಲೀಸರ ಅಂಜಿಕೆ ಹೋಗುತ್ತದೆ, ಪ್ರಶ್ನೆ ಹೋಗುವುದಿಲ್ಲ. ಕಾನೂನು "ಇಟ್ಟುಕೊಳ್ಳಬಹುದೇ" ಎಂದು ಕೇಳುತ್ತದೆ. ಆ ಹುಡುಗಿ ಕೇಳಿದ್ದು "ಇಟ್ಟುಕೊಳ್ಳಬೇಕೇ" ಎಂದು.

ಇನ್ನು ಕೊಂಬಿನ ಸಂಗತಿ. ಎಲ್ಲಾ ಕೊಂಬು ಒಂದೇ ಅಲ್ಲ. ನಮ್ಮ ಚಿಗರಿ, ಅಂದರೆ ಕೃಷ್ಣಮೃಗ, ಮರಾಠಿಯ ಕಾಳವೀಟ, ಅದರ ಕೊಂಬು ಎತ್ತಿನ ಕೊಂಬಿನ ಜಾತಿಯದು. ಒಳಗೆ ಎಲುಬು, ಹೊರಗೆ ಉಗುರಿನಂಥ ಕವಚ. ಹುರಿ ಹೊಸೆದ ಹಗ್ಗದಂತೆ ತಿರುವಿಕೊಂಡು ಬೆಳೆಯುತ್ತದೆ. ಒಮ್ಮೆ ಬಂದರೆ ಸಾಯುವತನಕ ಅದೇ. ಕಡವೆ ಮತ್ತು ಚುಕ್ಕಿ ಜಿಂಕೆಯ ಕವಲುಗೊಂಬು ಹಾಗಲ್ಲ. ಅದು ಗಟ್ಟಿ ಎಲುಬು. ಗಂಡಿಗೆ ಮಾತ್ರ ಬರುತ್ತದೆ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ತಾನೇ ಕಳಚಿ ಬೀಳುತ್ತದೆ, ಮತ್ತೆ ಮೂಡುತ್ತದೆ. ಮೂಡುವಾಗ ಮೇಲೆ ಮಖಮಲ್ಲಿನಂಥ ತೊಗಲು, ಅದರೊಳಗೆ ಬೆಚ್ಚನೆಯ ರಕ್ತ. ಬೆಳೆದು ಮುಗಿದ ಮೇಲೆ ತೊಗಲು ಒಣಗುತ್ತದೆ, ಗಿಡಕ್ಕೆ ತಿಕ್ಕಿ ತಿಕ್ಕಿ ಅದನ್ನು ಕಳೆದುಕೊಳ್ಳುತ್ತದೆ.

ಅಂದಮೇಲೆ ಕವಲುಗೊಂಬು ಕಡವೆಗೂ ಸ್ವಂತದ್ದಲ್ಲ, ಕಡ ತಂದದ್ದು ಇದ್ದಹಾಗೆ. ವರ್ಷ ಮುಗಿದರೆ ಕಾಡಿಗೆ ತಿರುಗಿ ಕೊಡುತ್ತದೆ. ಬಿದ್ದ ಕೊಂಬೂ ಹಾಳಾಗುವುದಿಲ್ಲ. ಮುಳ್ಳುಹಂದಿ, ಕಾಡಿಲಿ ಅದನ್ನು ಕಡಿದು ಕಡಿದು ತಿನ್ನುತ್ತವೆ. ಸುಣ್ಣದ ಅಂಶ ಅವುಗಳ ಮೈಗೆ ಬೇಕು. ಅದಕ್ಕೇ ಬಿದ್ದ ಕೊಂಬನ್ನೂ ಎತ್ತಿ ತರಬಾರದೆಂದು ಕಾನೂನು ಹೇಳುವುದರಲ್ಲಿ ಅರ್ಥ ಐತಿ. ಬಿದ್ದದ್ದಕ್ಕೆ ಬೆಲೆ ಬಂದರೆ ನಿಂತದ್ದನ್ನೂ ಬೀಳಿಸುವ ಕೈ ಹುಟ್ಟುತ್ತದೆ.

ಗೋಡೆಯ ಮೇಲಿನ ಕೊಂಬು ಬಿದ್ದದ್ದೋ ಕಡಿದದ್ದೋ ಎಂದು ತಿಳಿಯಲು ಸಾಕ್ಷಿ ಬೇಕಾಗಿಲ್ಲ. ಬುಡ ನೋಡಬೇಕು. ತಾನೇ ಬಿದ್ದದ್ದಾದರೆ ಒಂಟಿ ಇರುತ್ತದೆ, ಬುಡ ಉಬ್ಬಿ ಗುಂಡಗಿರುತ್ತದೆ. ಎರಡೂ ಕೊಂಬು ಒಂದೇ ನೆತ್ತಿಯೆಲುಬಿಗೆ ಕೂಡಿಕೊಂಡಿದ್ದರೆ ತಲೆಯೇ ಹೋಗಿದೆ ಎಂದು ಅರ್ಥ. ಮನೆಯವರು ಏನೇ ಹೇಳಲಿ, ಬುಡ ಖರೇ ಹೇಳತೈತಿ.

ರೈತನಾಗಿ ನನಗೆ ಹೊಳೆದ ಇನ್ನೊಂದು ಮಾತು. ನಾವು ಬೀಜಕ್ಕೆ ಎಂಥ ತೆನೆ ತೆಗೆದಿಡುತ್ತೇವೆ? ಎಲ್ಲಕ್ಕಿಂತ ತುಂಬಿದ್ದನ್ನು. ಹೋರಿ ಬೀಜಕ್ಕೆ ಬಿಡುವುದಾದರೆ ಮೈಕಟ್ಟು, ಕೊಂಬು, ಗೊರಸು ನೋಡಿ ಚಲೋದನ್ನೇ ಬಿಡುತ್ತೇವೆ. ಕೊಂಬಿನ ಆಸೆಯ ಬೇಟೆಗಾರನದು ಇದರ ಉಲ್ಟಾ. ಹಿಂಡಿನೊಳಗೆ ದೊಡ್ಡ ಕೊಂಬಿನ ಗಂಡನ್ನೇ ಮೊದಲು ಹೊಡೆಯುತ್ತಾನೆ. ಕೆನಡಾ ದೇಶದ ಆಲ್ಬರ್ಟಾದ ಗುಡ್ಡದಲ್ಲಿ ಕಾಡು ಟಗರುಗಳನ್ನು ಹೀಗೆ ಆರಿಸಿ ಆರಿಸಿ ಹೊಡೆದದ್ದರಿಂದ ಮುಂದಿನ ಪೀಳಿಗೆಯ ಕೊಂಬುಗಳೇ ಸಣ್ಣವಾದವೆಂದು ಪಂಡಿತರು ೨೦೦೩ರಲ್ಲಿ ಬರೆದರು. ನಮ್ಮ ಯಾವ ರೈತನನ್ನು ಕೇಳಿದರೂ ಇದನ್ನು ಮೊದಲೇ ಹೇಳುತ್ತಿದ್ದ. ಉತ್ತಮ ಬೀಜ ತಿಂದವನ ಹೊಲ ಏನಾಗತೈತಿ?

ನಮ್ಮ ಕೊಲ್ಲಾಪುರ ಸಂಸ್ಥಾನವು ಶಿಕಾರಿಗೆ ಹೆಸರಾದದ್ದು. ಇಲ್ಲಿ ಚೀತಾಗಳನ್ನು ಪಳಗಿಸಿ ಚಿಗರಿ ಬೇಟೆಗೆ ಬಿಡುತ್ತಿದ್ದರು. ಚೀತಾದ ಕಣ್ಣಿಗೆ ಪಟ್ಟಿ ಕಟ್ಟಿ ಗಾಡಿಯಲ್ಲಿ ಬಯಲಿಗೆ ಒಯ್ಯುವುದು, ಚಿಗರಿ ಹಿಂಡು ಕಂಡೊಡನೆ ಪಟ್ಟಿ ತೆಗೆದು ಬಿಡುವುದು. ನಮ್ಮ ದೇಶದ ಚೀತಾ ಸಿಗುವುದು ಕಠಿಣವಾದಾಗ ಆಫ್ರಿಕಾದಿಂದ ತರಿಸಿದರು. ಕೊನೆಗೆ ೧೯೪೭ರಲ್ಲಿ ಇಂದಿನ ಛತ್ತೀಸಗಡದ ಕೋರಿಯಾ ಸಂಸ್ಥಾನದಲ್ಲಿ ಮೂರು ಚೀತಾ ಗುಂಡಿಗೆ ಬಿದ್ದವು. ೧೯೫೨ರಲ್ಲಿ ಸರಕಾರವೇ ಭಾರತದಲ್ಲಿ ಚೀತಾ ಇಲ್ಲವೆಂದು ಸಾರಿತು. ಚಿಗರಿಯ ಕೊಂಬಿಗಾಗಿ ಚೀತಾ ಸಾಕಿದ ದೇಶದಲ್ಲಿ ಚೀತಾ ಮೊದಲು ಮುಗಿಯಿತು. ೨೦೨೨ರ ಸೆಪ್ಟೆಂಬರದಲ್ಲಿ ನಮೀಬಿಯಾದಿಂದ ಎಂಟು ಚೀತಾ ವಿಮಾನದಲ್ಲಿ ಬಂದು ಕುನೋ ಕಾಡಿಗೆ ಇಳಿದವು. ಕೊಂದದ್ದು ಸಸ್ತಾ, ತರುವುದು ತುಟ್ಟಿ.

ಕೊಲ್ಲಾಪುರದ ಹೊಸ ಅರಮನೆಯ ಮ್ಯೂಸಿಯಂ ನೋಡಿದವರಿಗೆ ಗೊತ್ತು, ಹುಲಿ ಮೊದಲಾದ ಪ್ರಾಣಿಗಳನ್ನು ತುಂಬಿ ನಿಲ್ಲಿಸಿದ್ದಾರೆ, ಕೊಂಬಿನ ತಲೆಗಳಿವೆ. ಶಾಹೂ ಮಹಾರಾಜರೂ ದೊಡ್ಡ ಬೇಟೆಗಾರರೇ. ಆದರೆ ನನ್ನಂಥವನು ಹಾಡಿನಲ್ಲಿ ಅವರ ಹೆಸರು ಎತ್ತುವುದು ಯಾತಕ್ಕೆ? ೧೯೦೨ರಲ್ಲಿ ಹಿಂದುಳಿದವರಿಗೆ ನೂರಕ್ಕೆ ಐವತ್ತು ನೌಕರಿ ಕಾಯ್ದಿಟ್ಟದ್ದಕ್ಕೆ. ಬಡವರ ಮಕ್ಕಳಿಗೆ ಬೋರ್ಡಿಂಗ ಕಟ್ಟಿಸಿದ್ದಕ್ಕೆ. ಭೋಗಾವತಿ ನದಿಗೆ ರಾಧಾನಗರಿಯಲ್ಲಿ ಆಣೆಕಟ್ಟಿನ ಕೆಲಸ ಹಚ್ಚಿದ್ದಕ್ಕೆ. ಅವರು ಹೊಡೆದ ಪ್ರಾಣಿ ಎಷ್ಟು ಎಂದು ಯಾರೂ ಹಾಡುವುದಿಲ್ಲ. ಒಬ್ಬ ರಾಜನ ಕೊಂಬುಗಳೇ ಅವನ ಹೆಸರನ್ನು ಉಳಿಸಲಾರವು ಅಂದಮೇಲೆ ಉಳಿದವರ ಪಾಡೇನು? ಅದೇ ರಾಜರ ಬೇಟೆಯ ಕಾಡು ದಾಜೀಪುರ ೧೯೫೮ರಲ್ಲಿ ಅಭಯಾರಣ್ಯವಾಯಿತು. ಹೊಡೆಯುವ ಜಾಗ ಕಾಯುವ ಜಾಗವಾಯಿತು. ಇದು ನಮ್ಮ ಜಿಲ್ಲೆಯ ದೊಡ್ಡತನ ಎಂದು ನಾನು ತಿಳಿಯುತ್ತೇನೆ.

ಪುರಾಣದೊಳಗೂ ನೋಡ್ರಿ. ನಾವು ಬಯಲಾಟದಲ್ಲಿ ಕುಣಿಯುವ, ಭಜನೆಯಲ್ಲಿ ಹಾಡುವ ಬೇಟೆಗಳು ಯಾವುವು? ಪಾಂಡುರಾಜ ಕೂಡಿದ್ದ ಜಿಂಕೆ ಜೋಡಿಗೆ ಬಾಣ ಬಿಟ್ಟ. ಅದು ಋಷಿಯಾಗಿತ್ತು, ಶಾಪ ಉಂಡ. ದಶರಥ ಕತ್ತಲಲ್ಲಿ ಸಪ್ಪಳ ಕೇಳಿ ಬಾಣ ಬಿಟ್ಟ; ಶ್ರವಣಕುಮಾರ ಸತ್ತ. ರಾಮ ಬಂಗಾರದ ಜಿಂಕೆಯ ಬೆನ್ನು ಹತ್ತಿದ. ಹಿಂದೆ ಸೀತೆ ಇಲ್ಲ. ಬೇಟೆಗೆ ಹೋದವನು ನಗುತ್ತ ಮನೆಗೆ ಬಂದ ಕತೆ ನನ್ನ ಗುರು ನನಗೆ ಕಲಿಸಿಲ್ಲ. ಜನಪದದವರು ಬೇಟೆಯನ್ನು ಹಾಡಿದ್ದಾರೆ, ಆದರೆ ದುಃಖದ ಬಾಗಿಲು ಎಂದು ಹಾಡಿದ್ದಾರೆ.

ನಮ್ಮ ಸೀಮೆಯಲ್ಲಿ ಜೈನರ ಮನೆ ಬಹಳ. ಬಸದಿಗೆ ಹೋದವರು ಶಾಂತಿನಾಥ ಸ್ವಾಮಿಯ ಮೂರ್ತಿಯ ಪೀಠ ನೋಡಿರಬೇಕು. ಹದಿನಾರನೇ ತೀರ್ಥಂಕರರ ಗುರುತೇ ಜಿಂಕೆ. ಅಲ್ಲಿ ಜಿಂಕೆ ಇಡಿಯಾಗಿ ಐತಿ, ನಾಲ್ಕು ಕಾಲು, ಬಾಲ, ಕಿವಿ ಎಲ್ಲಾ ಕೂಡಿ. ವಾಡೆಯ ಗೋಡೆಯ ಮೇಲೆ ಜಿಂಕೆಯ ಕೊಂಬು ಮಾತ್ರ. ಒಂದೇ ಪ್ರಾಣಿಯನ್ನು ಮನುಷ್ಯ ಎರಡು ನಮೂನೆ ಇಟ್ಟುಕೊಂಡಾನ. ಇಪ್ಪತ್ತೆರಡನೇ ತೀರ್ಥಂಕರ ನೇಮಿನಾಥ ಮದುವೆಯ ದಿಬ್ಬಣದಲ್ಲಿ ಹೋಗುವಾಗ ಊಟಕ್ಕೆಂದು ಕೂಡಿಹಾಕಿದ ಪ್ರಾಣಿಗಳ ಕೂಗು ಕೇಳಿ ದಿಬ್ಬಣವನ್ನೇ ಬಿಟ್ಟು ಗಿರನಾರ ಬೆಟ್ಟ ಹತ್ತಿದ. ಅಷ್ಟು ದೊಡ್ಡ ತ್ಯಾಗ ನಮ್ಮಿಂದ ಆಗದು. ಆದರೆ ಕೂಗು ಕೇಳಿ ನಿಂತನಲ್ಲ, ಆ ನಿಲ್ಲುವುದು ಎಲ್ಲರಿಗೂ ಆಗುವಂಥದ್ದು.

ಜನ್ನ ಕವಿ ೧೨೦೯ರಲ್ಲಿ ಬರೆದ ಯಶೋಧರ ಚರಿತೆಯ ಕತೆ ಇನ್ನೂ ಆಳಕ್ಕೆ ಹೋಗುತ್ತದೆ. ರಾಜ ಯಶೋಧರ ಜೀವಂತ ಕೋಳಿ ಕೊಲ್ಲಲೊಲ್ಲದೆ ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿ ಕಡಿದ. ಅಷ್ಟಕ್ಕೇ ತಾಯಿ ಮಗ ಇಬ್ಬರೂ ಜನ್ಮ ಜನ್ಮ ಪ್ರಾಣಿಗಳಾಗಿ ಹುಟ್ಟಿ ಸತ್ತರು. ಕೊಲ್ಲುವ ಮನಸ್ಸೇ ಹಿಂಸೆ ಎಂಬುದು ಕತೆಯ ತಿರುಳು. ಈಗ ಹೆದ್ದಾರಿಯ ಧಾಬಾಗಳಲ್ಲಿ ಫೈಬರಿನ ಕೊಂಬು, ಪ್ಲಾಸ್ಟಿಕ್ಕಿನ ಜಿಂಕೆ ತಲೆ ತೂಗುಹಾಕುತ್ತಾರೆ. ಯಾವ ಜೀವವೂ ಹೋಗಿಲ್ಲ, ತಪ್ಪೇನು ಎಂದು ಕೇಳಬಹುದು. ಪಾಪದ ಲೆಕ್ಕ ನನಗೆ ಬರುವುದಿಲ್ಲ. ಆದರೆ ಅದನ್ನು ನೋಡುತ್ತ ರೊಟ್ಟಿ ತಿನ್ನುವ ಕೂಸು ಜಿಂಕೆಯ ತಲೆ ಇರಬೇಕಾದ ಜಾಗ ಗೋಡೆ ಎಂದು ಕಲಿಯುತ್ತದೆ. ಹಿಟ್ಟಿನ ಕೋಳಿ ಕೂಗಿತಂತೆ. ಪ್ಲಾಸ್ಟಿಕ್ಕಿನದು ಕೂಗುವುದೂ ಇಲ್ಲ.

ನನ್ನ ಮೇಲೂ ಒಂದು ಸವಾಲು ಬರತೈತಿ, ಅದನ್ನು ಮುಚ್ಚಿಡುವುದಿಲ್ಲ. ವಾಡೆಯ ಯಜಮಾನರೇ ಕೇಳಿದರು: "ನಿನ್ನ ದಪ್ಪಿಗೆ ಹಾಕಿದ್ದು ಯಾತರ ಚರ್ಮೋ?" ಆಡಿನ ಚರ್ಮ. ಖರೇ. ಸತ್ತ ಆಡಿನ ಮೇಲೆ ಬೆರಳಾಡಿಸಿ ನಾನು ನಲವತ್ತು ವರ್ಷ ಹಾಡಿದ್ದೇನೆ. ಹಾಗಾದರೆ ನನ್ನ ದಪ್ಪು ಗೋಡೆಯ ಕೊಂಬಿಗಿಂತ ಹೇಗೆ ಬೇರೆ?

ಇದನ್ನು ಬಹಳ ರಾತ್ರಿ ತಿರುವಿ ಹಾಕಿದೆ. ನನಗೆ ತೋರಿದ ಉತ್ತರ ಇದು. ಹಸಿವಿಗೆ ಕೊಂದದ್ದು ಹಸಿವಿನ ಸಂಗಡ ಮುಗಿಯುತ್ತದೆ. ಹಿಂದಿನ ಬೇಡರು ಬೇಟೆಯಾಡಿ ಉಂಡರು, ಚರ್ಮ ಹಾಸಿಗೆಯಾಯಿತು, ಕೊಂಬು ಚೂರಿಯ ಹಿಡಿಕೆಯಾಯಿತು. ಅದು ಬದುಕಿನ ಲೆಕ್ಕ, ಅದಕ್ಕೊಂದು ಮಿತಿ ಇತ್ತು. ಹೊಟ್ಟೆ ತುಂಬಿದ ಮೇಲೆ ಬೇಡ ಮನೆಗೆ ಹೋಗುತ್ತಿದ್ದ. ದಪ್ಪಿನ ಚರ್ಮ ದಿನಾ ದುಡಿಯುತ್ತದೆ, ಊರಿಗೆಲ್ಲಾ ಕೇಳಿಸುತ್ತದೆ. ಬಾರಿಸುವ ಮೊದಲು ನಾನು ಅದಕ್ಕೆ ಕೈ ಮುಗಿಯುತ್ತೇನೆ. ಋಣ ಇದೆ ಎಂಬುದು ಮರೆಯದಿರಲಿ ಎಂದು. ಗೋಡೆಯ ಕೊಂಬಿಗೆ ಯಾರೂ ಕೈ ಮುಗಿಯುವುದಿಲ್ಲ. ಅದನ್ನು ಇಟ್ಟದ್ದೇ "ನಾ ಗೆದ್ದೆ" ಎಂದು ಹೇಳಲಿಕ್ಕೆ. ಗೆಲುವಿನ ಹಸಿವಿಗೆ ಹೊಟ್ಟೆ ಇಲ್ಲ. ಒಂದು ಜೋಡಿ ಆದಮೇಲೆ ಇನ್ನೊಂದು ಜೋಡಿ ಬೇಕು, ಇನ್ನೂ ದೊಡ್ಡದು ಬೇಕು. ಆದರೂ ನನ್ನ ದಪ್ಪು ಪೂರ್ತಿ ನಿರ್ದೋಷಿ ಎಂದು ನಾನು ಹೇಳಲಾರೆ. ಋಣವನ್ನು ಋಣ ಎಂದು ಒಪ್ಪುವುದು, ಋಣವನ್ನು ಮಾನ ಎಂದು ಮೆರೆಸುವುದು, ಇವೆರಡರ ನಡುವಿನ ಅಂತರ ಮಾತ್ರ ನನಗೆ ಕಾಣುತ್ತದೆ. ಧರ್ಮ ಇರುವುದು ಆ ಅಂತರದೊಳಗೇ.

ಕೊಂಬಿಗೆ ಮಾನ ಕೊಡುವುದೇ ತಪ್ಪು ಎಂದೂ ನಾನು ಅನ್ನುವವನಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಎರಡು ಬೇಂದೂರ. ಕಾರಹುಣ್ಣಿವೆಗೆ ಕರ್ನಾಟಕಿ ಬೇಂದೂರ, ಮುಂದೆ ಆಷಾಢದ ಹುಣ್ಣಿವೆಗೆ ಮಹಾರಾಷ್ಟ್ರದ ಬೇಂದೂರ. ಎತ್ತಿನ ಮೈ ತೊಳೆದು, ಕೊಂಬು ಹೆರೆದು, ಬಣ್ಣ ಬಳಿದು, ಹಿತ್ತಾಳಿ ಕೋಡಣಸು ಹಾಕಿ, ಗೊಂಡೆ ಕಟ್ಟಿ, ಹೋಳಿಗೆ ತಿನ್ನಿಸಿ ಮೆರವಣಿಗೆ ತೆಗೆಯುತ್ತೇವೆ. ಆ ದಿನ ಊರಿನಲ್ಲಿ ಎಲ್ಲಕ್ಕಿಂತ ಚಂದ ಕಾಣುವುದು ಕೊಂಬೇ. ಯಾಕಂದರ ಆ ಕೊಂಬಿನ ಕೆಳಗೆ ಎರಡು ಕಣ್ಣು ಅದಾವು. ಎತ್ತು ತಲೆ ಅಲ್ಲಾಡಿಸಿದಾಗ ಗೊಂಡೆ ಅಲ್ಲಾಡತಾವು. ದುಡಿದ ಎತ್ತು ಸತ್ತರೆ ಹೊಲದ ಬದುವಿನಲ್ಲಿ ಕೊಂಬು ಸಮೇತ ಮಣ್ಣು ಮಾಡುತ್ತೇವೆ. ಕೊಂಬು ಕೊಯ್ದು ಪಡಸಾಲೆಗೆ ಹಚ್ಚಿದವನನ್ನು ನಾನು ಕಂಡಿಲ್ಲ. ನಮಗೆ ಗೊತ್ತಿರುವ ಎತ್ತಿಗೆ ಮಾಡಲಾಗದ್ದನ್ನು ಗೊತ್ತಿಲ್ಲದ ಕಡವೆಗೆ ಮಾಡಬಹುದೇನು?

ಅಂತೂ ವಾಡೆಗೆ ತಿರುಗಿ ಹೋದೆ. "ಅಜ್ಜನ ಹಾಡು ಕಟ್ಟತೇನ್ರಿ, ಆದ್ರ ನಡದದ್ದೆಲ್ಲಾ ಹಾಡತೇನ" ಅಂದೆ. ಡಬ್ಬಿ ಬಾರಿಸಿದ ಆಳುಗಳನ್ನೂ ಓಡಿಬಂದ ಕಡವೆಯನ್ನೂ ಸೇರಿಸಿದೆ. ಅಜ್ಜ ೧೯೭೨ರ ಬರಗಾಲದಲ್ಲಿ ತನ್ನ ಹಗೇವಿನ ಜೋಳ ತೆಗೆದು ಕೇರಿಗೆಲ್ಲಾ ಹಂಚಿದ ಸಂಗತಿ ಮುದುಕರಿಂದ ಕೇಳಿದ್ದೆ, ಅದನ್ನೂ ಸೇರಿಸಿದೆ. ಪುಣ್ಯತಿಥಿಯ ರಾತ್ರಿ ಹಾಡಿದಾಗ ಗುಂಡಿನ ನುಡಿಗೆ ಪಡಸಾಲೆ ಸುಮ್ಮನಿತ್ತು, ಜೋಳದ ನುಡಿಗೆ ಹೆಣ್ಣುಮಕ್ಕಳು ಕಣ್ಣು ಒರಸಿಕೊಂಡರು. ಯಜಮಾನರು ಏನೂ ಅನ್ನಲಿಲ್ಲ. ಕೊಂಬು ಇಳಿಸಲೂ ಇಲ್ಲ. ಅದರ ಪಕ್ಕಕ್ಕೆ ಅಜ್ಜನ ಫೋಟೋ ಹಚ್ಚಿದರು. ಮೊಮ್ಮಗಳು ಮಾತ್ರ ಇನ್ನೂ ಹಟ ಬಿಟ್ಟಿಲ್ಲ. ಆಕೆಯ ಕಾಲಕ್ಕೆ ಆ ಗೋಡೆ ಏನಾಗತೈತೋ ನೋಡೋಣ.

ಸತ್ತ ಕಡವೆ ಎದ್ದು ಬರತೈತೇನು ಎಂಬ ಯಜಮಾನರ ಮೂರನೆಯ ಮಾತಿಗೆ ಈಗ ನನ್ನ ಉತ್ತರ ಹೇಳುತ್ತೇನೆ. ಎದ್ದು ಬರುವುದಿಲ್ಲ. ಕೊಂಬು ಇಳಿಸುವುದು ಅದರ ಸಲುವಾಗಿ ಅಲ್ಲವೇ ಅಲ್ಲ. ಪಡಸಾಲೆಯಲ್ಲಿ ಆಡುವ ಮಕ್ಕಳ ಸಲುವಾಗಿ. ಗೋಡೆಯ ಮೇಲೆ ಏನನ್ನು ಎತ್ತರದಲ್ಲಿ ಇಡುತ್ತೇವೋ ಅದನ್ನೇ ಮಕ್ಕಳು ತಲೆ ಎತ್ತಿ ನೋಡುತ್ತಾರೆ. ೨೦೧೯ರ ಮಹಾಪೂರದಲ್ಲಿ ವಾರಣೆ ಮನೆಯೊಳಗೆ ಬಂದಾಗ ಜನ ಏನು ಹೊತ್ತುಕೊಂಡು ಓಡಿದರು? ಕೂಸು, ಮುದುಕರು, ದನ, ಸಾತಬಾರಾ ಉತಾರೆ. ಗೋಡೆಯ ಅಲಂಕಾರ ಹೊತ್ತುಕೊಂಡು ಓಡಿದವರನ್ನು ನಾನು ನೋಡಲಿಲ್ಲ. ಮನೆಗೆ ಬೇಕಾದದ್ದು ಯಾವುದು ಎಂದು ನೀರು ಒಂದೇ ರಾತ್ರಿಯಲ್ಲಿ ವಿಂಗಡಿಸಿ ತೋರಿಸಿತು.

ಹಳೇ ಕೊಂಬು ಮನೆಯಲ್ಲಿದ್ದವರಿಗೆ ನನ್ನ ವಿನಂತಿ ಇಷ್ಟೆ. ಮಾರಬ್ಯಾಡ್ರಿ. ನಾಚಿಕೆಗೆ ಕದ್ದು ಸುಡಬ್ಯಾಡ್ರಿ. ಕಾಗದ ಇಲ್ಲದಿದ್ದರೆ ತಿಳಿದವರನ್ನು ಕೇಳಿ ಅರಣ್ಯ ಇಲಾಖೆಗೆ ಒಪ್ಪಿಸ್ರಿ. ಕಾಗದ ಇದ್ದು ಇಟ್ಟುಕೊಳ್ಳುವುದೇ ಆದರೆ ಮಕ್ಕಳು ಕೇಳಿದಾಗ ನಡೆದದ್ದನ್ನು ನಡೆದಹಾಗೇ ಹೇಳ್ರಿ: ಯಾರು ಓಡಿಸಿದರು, ಯಾರು ಅಟ್ಟದ ಮೇಲೆ ಕುಂತಿದ್ದರು, ಎಷ್ಟು ಗುಂಡು, ಆ ದಿನ ಮನೆಯಲ್ಲಿ ಯಾರಿಗಾದರೂ ಹಸಿವಿತ್ತೋ ಇಲ್ಲವೋ. ಹಾಗೆ ಖರೇ ಹೇಳಿದ ಮೇಲೂ ಕೊಂಬನ್ನು ಗೋಡೆಯ ಮೇಲೆ ಇಡುವ ಮನಸ್ಸು ಉಳಿದರೆ ಇಡ್ರಿ. ಕೊಂಬು ನೋಡುವ ಆಸೆ ಇದ್ದವರು ಮಕ್ಕಳನ್ನು ಕರಕೊಂಡು ರಾಣೆಬೆನ್ನೂರಿಗೆ ಹೋಗ್ರಿ. ೧೯೭೪ರಿಂದ ಅಲ್ಲಿ ೧೧೯ ಚದರ ಕಿಲೋಮೀಟರ ಜಾಗ ಚಿಗರಿಗಳಿಗೆಂದೇ ಕಾಯ್ದಿಟ್ಟಾರ. ಕರೇ ಗಂಡು ಚಿಗರಿ ಕೊಂಬು ಹಿಂದಕ್ಕೆ ಚೆಲ್ಲಿ ನೆಗೆಯುವುದನ್ನು ಒಮ್ಮೆ ಕಣ್ಣಾರೆ ನೋಡಿದ ಹುಡುಗ ಮುಂದೆ ಗೋಡೆಗೆ ಕೊಂಬು ಕೇಳುವುದಿಲ್ಲ ಎಂದು ನನ್ನ ನಂಬಿಕೆ.